ನಾಲ್ಕು ಲಿಂಬೆಹಣ್ಣು, ಸೊನ್ನೆ ಸೀಟ್ ಬೆಲ್ಟ್

ಮೊನ್ನೆ ದಸರೆಯ ದಿನ ನಮ್ಮ ಅಕ್ಕನ ಮಗ ಹೊಸ ಕಾರು ತಗೊಂಡ. ಹತ್ತು ವರ್ಷ ಡೊಂಬಿವಲಿ ಲೋಕಲ್‌ನಲ್ಲಿ ಜೋತಾಡಿದ ಜೀವ, ಖುಷಿಪಡಲಿ ಬಿಡಿ. ಶೋರೂಮಿಗೆ ನಾವು ಒಂಬತ್ತು ಜನ ಹೋಗಿದ್ದೆವು. ಪೇಢೆ ಕೊಟ್ಟರು, ಕಾರಿಗೆ ಹೊದಿಸಿದ್ದ ಕೆಂಪು ಬಟ್ಟೆ ಎಳೆಸಿದರು, ಆಳೆತ್ತರದ ಥರ್ಮಾಕೋಲ್ ಬೀಗದಕೈ ಹಿಡಿಸಿ ಫೋಟೋ ಹೊಡೆದರು. ಭಟ್ಟರು ಬಾನೆಟ್ಟಿನ ಮೇಲೆ ಸ್ವಸ್ತಿಕ ಬರೆದು, ಕಾಯಿ ಒಡೆದು, ನಾಲ್ಕು ಚಕ್ರಕ್ಕೆ ನಾಲ್ಕು ಲಿಂಬೆಹಣ್ಣು ಇಟ್ಟರು. ಚಕ್ ಅಂತ ನಾಲ್ಕೂ ಅಪ್ಪಚ್ಚಿ. ಎಲ್ಲರೂ ಚಪ್ಪಾಳೆ.

ಆಮೇಲೆ ಐದು ಸೀಟಿನ ಕಾರಿನಲ್ಲಿ ಆರು ಜನ ಹತ್ತಿದರು. ಮುಂದೆ ಅಳಿಯ, ಪಕ್ಕದಲ್ಲಿ ಅವನ ಹೆಂಡತಿ, ಅವಳ ಮಡಿಲಲ್ಲಿ ಎರಡು ವರ್ಷದ ಕೂಸು. ಹಿಂದೆ ಅಕ್ಕ, ನನ್ನ ಹೆಂಡತಿ, ನಾನು. ಉಳಿದ ಮೂವರು ಆಟೋ ಹಿಡಿದರು. ನಾನು ಹಿಂದಿನ ಸೀಟಿನ ಬೆಲ್ಟ್ ಹುಡುಕಿದೆ. ಬಕಲ್ ಕಾಣಲೇ ಇಲ್ಲ. ಹೊಸದಾಗಿ ಹೊಲಿಸಿ ಹಾಕಿದ್ದ ಸೀಟ್ ಕವರಿನ ಕೆಳಗೆ ಹೂತುಹೋಗಿತ್ತು!

"ಲೇ ತಮ್ಮಾ, ಬೆಲ್ಟ್ ಎಲ್ಲೈತೋ?" ಅಂದೆ.

"ಮಾಮಾ, ಹಿಂದ ಕೂತವ್ರಿಗೆ ಯಾತಕ್ಕ ಬೆಲ್ಟು? ಇಲ್ಲೇ ಮನೀಗ ಹೊಂಟೀವಿ. ಯಾವ ಪೊಲೀಸ್ ಹಿಡೀತಾನ್ರೀ ಇಲ್ಲಿ?"

ಅಕ್ಕ ಅಲ್ಲಿಂದಲೇ ಗದರಿದಳು. "ಹಬ್ಬದ ದಿನ ಅಪಶಕುನ ಮಾತಾಡಬ್ಯಾಡ. ಸೀರಿ ಬ್ಯಾರೆ ಸುಕ್ಕಾಗ್ತದ."

ನಾನು ಸುಮ್ಮನಾದೆ. ಹಬ್ಬದ ದಿನ ಜಗಳ ಬೇಡ ಅಂತ. ಆದರೆ ಇಲ್ಲಿ ಸುಮ್ಮನಿರೋದಿಲ್ಲ. ಮೂವತ್ತು ವರ್ಷದಿಂದ ಬ್ಯಾಂಕಿನಲ್ಲಿದ್ದೇನೆ, ಅದರಲ್ಲಿ ಬಹಳ ವರ್ಷ ಸಾಲದ ವಿಭಾಗದಲ್ಲಿ. ಎಷ್ಟು ಕಾರುಗಳಿಗೆ ಸಾಲ ಮಂಜೂರು ಮಾಡಿದ್ದೇನೋ ಲೆಕ್ಕ ಇಟ್ಟಿಲ್ಲ. ನಾನು ಮೆಕ್ಯಾನಿಕ್ ಅಲ್ಲ, ಇಂಜಿನಿಯರ್ ಅಲ್ಲ, ಬರೀ ಬಿಕಾಂ. ನನಗೆ ಗೊತ್ತಿರೋದು ಜಮಾ ಮತ್ತು ಖರ್ಚು. ಆ ಲೆಕ್ಕದಲ್ಲೇ ಹೇಳ್ತೀನಿ: ಹೊಸ ಕಾರು ಕೊಳ್ಳುವ ನಮ್ಮ ಮಂದಿ ಕಾರಿಗೆ ಮಾಡುವ ಖರ್ಚು ಬೇರೆ, ಕಾರಿನೊಳಗಿನ ಜೀವಕ್ಕೆ ಮಾಡುವ ಖರ್ಚು ಬೇರೆ. ಮೊದಲನೆಯದು ಸಾವಿರಗಳಲ್ಲಿದೆ. ಎರಡನೆಯದು ಸೊನ್ನೆ. ತಮಾಷೆ ಏನು ಗೊತ್ತಾ? ಎರಡನೆಯದಕ್ಕೆ ದುಡ್ಡೇ ಬೇಕಾಗಿಲ್ಲ!

ಅಳಿಯನ ಬಿಲ್ ನೋಡಿದೆ. ಸೀಟ್ ಕವರು, ಬಣ್ಣದ ಮೇಲೆ ಕೋಟಿಂಗು, ಕೆಳಗಡೆ ಇನ್ನೊಂದು ಕೋಟಿಂಗು, ಬಾಗಿಲಿಗೆ ಕ್ರೋಮ್ ಪಟ್ಟಿ, ಘಮಘಮ ಅನ್ನೋ ಬಾಟಲಿ, ನೆಲಕ್ಕೆ ಮ್ಯಾಟು. ಒಟ್ಟು ನಲವತ್ತು ಸಾವಿರದ ಹತ್ತಿರ. ಕಾರಿನ ಜೊತೆ ಪುಕ್ಕಟೆ ಬಂದ ಕೈಪಿಡಿ ಮಾತ್ರ ಗ್ಲವ್ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಚೀಲದಲ್ಲೇ ಇತ್ತು. ನಾವು ಮನೆಗೆ ಮಿಕ್ಸರ್ ತಂದರೂ ಅದರ ಚೀಟಿ ಒಮ್ಮೆ ಓದ್ತೀವಿ. ಹನ್ನೊಂದು ಲಕ್ಷದ ಕಾರಿನ ಪುಸ್ತಕ ಓದಲ್ಲ. ಯಾಕ್ರೀ?

ಬೈಯೋದಾದರೆ ಮೊದಲು ನನ್ನ ಅಂಗಡಿಯಿಂದಲೇ ಶುರು ಮಾಡಬೇಕು. ಕಾರಿನ ಸಾಲಕ್ಕೆ ಬಂದವರನ್ನ ನಾವು ಏನೇನು ಕೇಳ್ತೀವಿ? ಸಂಬಳದ ಚೀಟಿ, ಆರು ತಿಂಗಳ ಸ್ಟೇಟ್‌ಮೆಂಟು, ಪ್ಯಾನು, ಆಧಾರು, ಸಿಬಿಲ್ ಅಂಕ. ಕಾರಿಗೆ ಪೂರ್ತಿ ವಿಮೆ ಇರಬೇಕು, ಆರ್‌ಸಿ ಪುಸ್ತಕದಲ್ಲಿ ಬ್ಯಾಂಕಿನ ಹೆಸರು ಇರಬೇಕು. ಕಾರು ಜಖಂ ಆದರೆ ನಮ್ಮ ದುಡ್ಡು ಬರಬೇಕಲ್ಲ! ಒಳಗೆ ಕೂತವರ ಬಗ್ಗೆ ಒಂದು ಸಾಲಿನ ಪ್ರಶ್ನೆಯೂ ಆ ಫಾರ್ಮಿನಲ್ಲಿಲ್ಲ.

ಕೆಲವು ವರ್ಷದ ಹಿಂದೆ ಒಬ್ಬ ಹೆಣ್ಣುಮಗಳು ನನ್ನ ಟೇಬಲ್ಲಿಗೆ ಬಂದಳು. ಗಂಡನ ಹೆಸರಿನ ಕಾರಿನ ಸಾಲ, ಬಾಕಿ ಎಷ್ಟು ಅಂತ ಕೇಳಲು. ಹೆದ್ದಾರಿಯಲ್ಲಿ ಅಪಘಾತ. ಗಂಡ ಹಿಂದಿನ ಸೀಟಿನಲ್ಲಿ ಮಲಗಿದ್ದನಂತೆ, ತಮ್ಮ ಓಡಿಸುತ್ತಿದ್ದನಂತೆ. ಬೆಲ್ಟ್ ಹಾಕಿದ್ದ ತಮ್ಮ ಉಳಿದ, ಮಲಗಿದ್ದ ಅಣ್ಣ ಉಳಿಯಲಿಲ್ಲ. ಕಾರು ಪೂರ್ತಿ ಹಾಳಾಗಿದ್ದರಿಂದ ವಿಮೆಯ ಹಣ ಬಂತು, ಬ್ಯಾಂಕಿನ ಬಾಕಿ ತೀರಿತು, ನಾನೇ ನಿರಾಕ್ಷೇಪಣಾ ಪತ್ರಕ್ಕೆ ಸಹಿ ಹಾಕಿ ಕೊಟ್ಟೆ. ಆ ಫೈಲಿನಲ್ಲಿ ಒಂದು ಕಾಗದವೂ ಕಡಿಮೆ ಇರಲಿಲ್ಲ. ಆಡಿಟ್‌ನವರು ನೋಡಿದರೆ ಭೇಷ್ ಅನ್ನಬೇಕು, ಹಾಗಿತ್ತು. ಅವತ್ತಿನಿಂದ ಈ ವಿಷಯ ನನ್ನ ತಲೆಯಲ್ಲಿ ಕೊರೆಯುತ್ತಲೇ ಇದೆ.

ಈಗ ಹಿಂದಿನ ಸೀಟಿನ ವಾದಗಳನ್ನ ಒಂದೊಂದಾಗಿ ನೋಡೋಣ.

"ಮುಂದೆ ಸೀಟು ಅಡ್ಡ ಇದೆಯಲ್ಲ, ಹಿಂದಿನವರಿಗೆ ಏನಾಗುತ್ತೆ?" ಇದು ಮೊದಲ ವಾದ. ಕಾರು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಬಡಿದು ನಿಂತರೆ, ಕಾರು ನಿಲ್ಲುತ್ತೆ, ನೀವು ನಿಲ್ಲಲ್ಲ. ನೀವು ಅದೇ 50ರಲ್ಲಿ ಮುಂದಕ್ಕೆ ಹೋಗ್ತೀರಿ. ಪಿಯುಸಿಯ ಭೌತಶಾಸ್ತ್ರ ನೆನಪಿದ್ದರೆ ಲೆಕ್ಕ ಹಾಕಿ. 50ರ ವೇಗ ಅಂದರೆ ಸುಮಾರು 10 ಮೀಟರ್ ಎತ್ತರದಿಂದ ಬಿದ್ದಷ್ಟು, ಮೂರನೇ ಮಹಡಿಯ ಬಾಲ್ಕನಿಯಿಂದ. 80 ಅಂದರೆ 25 ಮೀಟರ್, ಎಂಟನೇ ಮಹಡಿ. ಹಿಂದಿನವರು ಬೀಳುವುದು ಮುಂದಿನ ಸೀಟಿನ ಬೆನ್ನ ಮೇಲೆ. ಆ ಸೀಟಿನಲ್ಲಿ ಬೆಲ್ಟ್ ಹಾಕಿ ಕೂತ ಹೆಂಡತಿಯೋ ಮಗನೋ ಇದ್ದರೆ, ಅವರನ್ನೂ ಜಜ್ಜಿಯೇ ಬೀಳ್ತಾರೆ. ಹಾಗಾಗಿ "ನನ್ನ ಜೀವ, ನನ್ನಿಷ್ಟ" ಅನ್ನೋ ಮಾತೂ ಇಲ್ಲಿ ನಡೆಯಲ್ಲ.

"ದೊಡ್ಡ ಗಾಡಿ, ಏನೂ ಆಗಲ್ಲ." ಇದು ಎರಡನೇ ವಾದ. 2022ರ ಸೆಪ್ಟೆಂಬರ್ 4ರಂದು ನಮ್ಮ ಪಕ್ಕದ ಪಾಲ್ಘರ್ ಜಿಲ್ಲೆಯಲ್ಲಿ, ಅಹಮದಾಬಾದ್ ಹೆದ್ದಾರಿಯ ಸೂರ್ಯಾ ನದಿ ಸೇತುವೆಯ ಮೇಲೆ ಏನಾಯಿತು ಮರೆತುಬಿಟ್ಟರಾ? ಟಾಟಾ ಸಮೂಹದ ಅಧ್ಯಕ್ಷರಾಗಿದ್ದ ಸೈರಸ್ ಮಿಸ್ತ್ರಿ ತೀರಿಕೊಂಡದ್ದು ಅಲ್ಲಿ. ಕಾರು ಸಣ್ಣದೇನಲ್ಲ, ಏರ್‌ಬ್ಯಾಗುಗಳಿಗೆ ಕೊರತೆ ಇರಲಿಲ್ಲ. ಹಿಂದೆ ಕೂತಿದ್ದ ಇಬ್ಬರೂ ಬೆಲ್ಟ್ ಹಾಕಿರಲಿಲ್ಲ ಅಂತ ಪೊಲೀಸರು ಹೇಳಿದರು. ಇಬ್ಬರೂ ಹೋದರು. ಮುಂದೆ ಕೂತಿದ್ದ ಇಬ್ಬರು ಗಾಯಗೊಂಡರೂ ಬದುಕಿದರು. ಅದಾದ ಮೇಲೆ ಆ ವರ್ಷದ ನವೆಂಬರ್ 1ರಿಂದ ಮುಂಬಯಿ ಪೊಲೀಸರು ಕಾರಿನಲ್ಲಿರುವ ಎಲ್ಲರಿಗೂ ಬೆಲ್ಟ್ ಕಡ್ಡಾಯ ಅಂತ ಸಾರಿದರು. ಕಾಯಿದೆಯಲ್ಲಿ ಅದು ಹೊಸದೇನಲ್ಲ. ಹಿಂದಿನವರಿಗೂ ಬೆಲ್ಟ್ ಕಡ್ಡಾಯ ಅನ್ನೋ ನಿಯಮ ಮೊದಲೇ ಇತ್ತು, ಹಾಕದಿದ್ದರೆ ಸಾವಿರ ರೂಪಾಯಿ ದಂಡ. ಹದಿನಾಲ್ಕು ವರ್ಷದೊಳಗಿನ ಮಗುವನ್ನ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದೆ ಕೂರಿಸಿದರೂ ಅಷ್ಟೇ ದಂಡ. ಪಾಲಿಸೋರು ಯಾರು?

"ಏರ್‌ಬ್ಯಾಗ್ ಇದೆಯಲ್ಲ ಮಾರಾಯ್ರೆ." ಇದು ಮೂರನೆಯದು. ಸ್ಟೀರಿಂಗಿನ ಮೇಲೆ ಎಸ್‌ಆರ್‌ಎಸ್ ಅಂತ ಅಕ್ಷರ ಇರುತ್ತಲ್ಲ, ಅದರ ಮೊದಲ ಅಕ್ಷರದ ಅರ್ಥವೇ ಪೂರಕ ಅಂತ. ಬೆಲ್ಟಿಗೆ ಪೂರಕ, ಬದಲಿ ಅಲ್ಲ. ಕಣ್ಣು ಮಿಟುಕಿಸುವುದರೊಳಗೆ ಸಿಡಿದು ಉಬ್ಬುವ ಚೀಲ ಅದು. ಬೆಲ್ಟ್ ನಿಮ್ಮನ್ನ ಹಿಡಿದಿಟ್ಟರೆ ಮಾತ್ರ ಸರಿಯಾದ ದೂರದಲ್ಲಿ ಅದು ಕಾಪಾಡುತ್ತೆ. ಬೆಲ್ಟ್ ಇಲ್ಲದೆ ಮುಂದಕ್ಕೆ ಹಾರಿ ಬಂದವರಿಗೆ ಅದೇ ಗುದ್ದು.

ಬರೀ ಮಾತಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ಬೆಲ್ಟ್ ಹಾಕದೆ ಸತ್ತವರು 16,715. ಓಡಿಸುತ್ತಿದ್ದವರು 8,384, ಸುಮ್ಮನೆ ಕೂತಿದ್ದವರು 8,331. ಹೆಚ್ಚುಕಡಿಮೆ ಅರ್ಧಕ್ಕರ್ಧ! ಇಷ್ಟಾದರೂ ನಮ್ಮ ಬುದ್ಧಿವಂತಿಕೆ ನೋಡಿ. ಬೆಲ್ಟ್ ಹಾಕದಿದ್ದರೆ ಕಾರು ಟಿಂಗ್ ಟಿಂಗ್ ಅನ್ನುತ್ತಲ್ಲ, ಅದರ ಬಾಯಿ ಮುಚ್ಚಿಸಲು ಬಕಲ್ಲಿಗೆ ಸಿಕ್ಕಿಸುವ ಕ್ಲಿಪ್ಪು ಮಾರುಕಟ್ಟೆಗೆ ಬಂತು. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟಗಾರರಿಗೆ ಆದೇಶ ಕೊಟ್ಟು ಅಂಥ ಹದಿಮೂರು ಸಾವಿರಕ್ಕೂ ಹೆಚ್ಚು ಜಾಹೀರಾತುಗಳನ್ನ ತೆಗೆಸಬೇಕಾಯಿತು. ಜೀವ ಉಳಿಸುವ ಸದ್ದು ನಿಲ್ಲಿಸಲು ದುಡ್ಡು ಕೊಡ್ತೀವಿ ನಾವು!

ಕೂಸನ್ನ ಮಡಿಲಲ್ಲಿಟ್ಟುಕೊಂಡು ಮುಂದೆ ಕೂರೋ ವಿಷಯಕ್ಕೆ ಬರ್ತೀನಿ. ಇದನ್ನ ಬರೆಯುವಾಗ ನನ್ನ ಕೈ ಸ್ವಲ್ಪ ತಡೆಯುತ್ತೆ. 2007ರಲ್ಲಿ ನಮ್ಮ ಮೊದಲ ಕಾರಿನಲ್ಲಿ ಊರಿಗೆ ಹೊರಟಿದ್ದೆವು. ಮಗಳಿಗೆ ನಾಲ್ಕು ವರ್ಷ. ಮುಂದೆ ಅಮ್ಮನ ಮಡಿಲಲ್ಲಿ ಕೂತಿದ್ದಳು. "ಅವ್ವ ಹಿಡಕೊಂಡಾಳಲ್ಲ, ಸಾಕು" ಅಂದವನು ನಾನೇ. ಖಂಬಾಟ್ಕಿ ಘಾಟಿ ದಾಟಿದ ಮೇಲೆ ಒಂದು ನಾಯಿ ಅಡ್ಡ ಬಂತು, ಬ್ರೇಕ್ ಒತ್ತಿದೆ. ವೇಗ ನಲವತ್ತೂ ಇರಲಿಲ್ಲ, ಯಾವುದಕ್ಕೂ ಡಿಕ್ಕಿ ಹೊಡೆಯಲಿಲ್ಲ, ಬರೀ ಬ್ರೇಕು. ಅಮ್ಮನ ಕೈಯಿಂದ ಮಗು ಜಾರಿ ಹಣೆ ಡ್ಯಾಶ್‌ಬೋರ್ಡಿಗೆ ಬಡಿಯಿತು. ಸಾತಾರಾದಲ್ಲಿ ಆರು ಹೊಲಿಗೆ. ಈಗ ಅವಳು ಕೆಲಸಕ್ಕೆ ಹೋಗುವ ಹುಡುಗಿ. ಇವತ್ತಿಗೂ ಕನ್ನಡಿ ಮುಂದೆ ನಿಂತು ಕೂದಲು ಎಡಕ್ಕೆ ಇಳಿಸಿಕೊಂಡು ಬಾಚ್ತಾಳೆ. ಒಂದು ದಿನವೂ ನನ್ನನ್ನ ಅಂದಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಬ್ರೇಕಿಗೇ ಅಷ್ಟು. ಡಿಕ್ಕಿ ಆದರೆ? 50ರ ವೇಗದ ಕಾರು ಅರ್ಧ ಮೀಟರಿನಲ್ಲಿ ನಿಂತಿತು ಅಂತ ಇಟ್ಟುಕೊಳ್ಳಿ. ಹತ್ತು ಕಿಲೋ ಮಗುವನ್ನ ಆ ಕ್ಷಣ ಹಿಡಿದಿಡಲು ಇನ್ನೂರು ಕಿಲೋ ಭಾರ ಎತ್ತುವಷ್ಟು ಬಲ ಬೇಕು. ಯಾವ ತಾಯಿಯ ಪ್ರೀತಿಗೂ ಆ ಬಲ ಇಲ್ಲ. ಮಕ್ಕಳು ಹಿಂದಿನ ಸೀಟಿನಲ್ಲಿ, ಮಕ್ಕಳ ಸೀಟಿನಲ್ಲೇ ಕೂರಬೇಕು. ಸಣ್ಣ ಕೂಸುಗಳ ಸೀಟು ಹಿಂದಕ್ಕೆ ಮುಖ ಮಾಡಿರುತ್ತೆ. ಅದನ್ನ ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಯಾವತ್ತೂ ಇಡಬಾರದು, ಚೀಲ ಸಿಡಿದರೆ ಮಗುವಿನ ತಲೆಗೇ ಪೆಟ್ಟು. ಮಕ್ಕಳ ಸೀಟಿನ ಬೆಲೆ ಜಾಸ್ತಿ ಅನ್ನೋರು ಸೀಟ್ ಕವರಿನ ಬಿಲ್ ಇನ್ನೊಮ್ಮೆ ನೋಡಿಕೊಳ್ಳಿ. ಆ ಕವರಿನದೇ ಇನ್ನೊಂದು ಕಿತಾಪತಿ ಇದೆ. ಬಹಳ ಕಾರುಗಳಲ್ಲಿ ಪಕ್ಕದ ಏರ್‌ಬ್ಯಾಗು ಮುಂದಿನ ಸೀಟಿನ ಬದಿಯಿಂದ ಸಿಡಿಯುತ್ತೆ. ಮೇಲೆ ದಪ್ಪ ಕವರು ಬಿಗಿದರೆ ಅದು ಹೊರಗೆ ಬರೋದಾದರೂ ಹೇಗೆ? ಕೈಪಿಡಿಯಲ್ಲಿ ಬೇಡ ಅಂತ ಬರೆದಿರುತ್ತೆ. ಓದಿದರೆ ತಾನೆ! ಹಾಗೇ ಡ್ಯಾಶ್‌ಬೋರ್ಡಿನ ಏರ್‌ಬ್ಯಾಗ್ ಮುಚ್ಚಳದ ಮೇಲೆ ಗಣಪತಿಯನ್ನ ಅಂಟಿಸಬೇಡಿ. ಪಕ್ಕಕ್ಕೆ ಕೂರಿಸಿ, ಅವನೇನೂ ಬೇಜಾರು ಮಾಡಿಕೊಳ್ಳಲ್ಲ. ಬಂಪರಿನ ಮುಂದೆ ಕಬ್ಬಿಣದ ಗಾರ್ಡ್ ಬೇಡವೇ ಬೇಡ. 2017ರ ಡಿಸೆಂಬರಿನಲ್ಲೇ ಕೇಂದ್ರ ಸರ್ಕಾರ ಅದನ್ನ ತಡೆಯಿರಿ ಅಂತ ರಾಜ್ಯಗಳಿಗೆ ಬರೆದಿದೆ. ಪಾದಚಾರಿಗೆ ಅದು ಯಮ, ನಿಮ್ಮ ಏರ್‌ಬ್ಯಾಗಿನ ಸೆನ್ಸರಿಗೂ ಅಡ್ಡಿ.

ಇನ್ನು ಇಂಜಿನ್ ಆಯಿಲ್. ಇದರಲ್ಲೂ ನಾನೇ ಮೊದಲ ಮೂರ್ಖ. 2009ರಲ್ಲಿ ಅದೇ ಕಾರು, ಅದೇ ಹೆದ್ದಾರಿ. ಕರಾಡ ಹತ್ತಿರ ರಿಪೇರಿ ನಡೆದಿದ್ದ ರಸ್ತೆಯಲ್ಲಿ ಕೆಳಗೆ ಏನೋ ಕಲ್ಲು ಬಡಿದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಮೀಟರಿನಲ್ಲಿ ಎಣ್ಣೆ ಕುಡಿಕೆಯ ಚಿತ್ರದ ಕೆಂಪು ದೀಪ ಹತ್ತಿತು. ಹೆಂಡತಿ "ಅದೇನ್ರೀ ಕೆಂಪಗೆ?" ಅಂದಳು. ನಾನು "ಮುಂದೆ ಊರು ಬರಲಿ, ನೋಡೋಣ" ಅಂದೆ. ಊರು ಬರುವಷ್ಟರಲ್ಲಿ ಇಂಜಿನ್ನೇ ಹಿಡಕೊಂಡು ನಿಂತಿತು. ನಲವತ್ತೆರಡು ಸಾವಿರದ ಬಿಲ್. ವಿಮೆ ಕಂಪನಿಯವರು ಕಲ್ಲಿಗೆ ಒಡೆದ ಸಂಪಿನ ಖರ್ಚು ಕೊಟ್ಟರು, ಇಂಜಿನ್ನಿನದು ಕೊಡಲಿಲ್ಲ. "ದೀಪ ಹತ್ತಿದ ಮೇಲೂ ಓಡಿಸಿದ್ದು ನೀವು, ಅದು ಅಪಘಾತದ ನಷ್ಟ ಅಲ್ಲ" ಅಂದರು. ಪಾಲಿಸಿ ತೆಗೆದು ನೋಡಿದೆ, ಷರತ್ತು ಹಾಗೇ ಇತ್ತು. ದಿನಾ ಮಂದಿಗೆ "ಷರತ್ತು ಓದಿ ಸಹಿ ಹಾಕ್ರಿ" ಅನ್ನೋ ಬ್ಯಾಂಕ್ ಅಧಿಕಾರಿ ತನ್ನ ಪಾಲಿಸಿಯ ಷರತ್ತು ಓದಿರಲಿಲ್ಲ :-)

ಆದ್ದರಿಂದ ಹೊಸಬರು ನೆನಪಿಡಿ. ಹಳದಿ ದೀಪ ಅಂದರೆ ಬೇಗ ತೋರಿಸಿ ಅಂತ. ಕೆಂಪು ಅಂದರೆ ನಿಲ್ಲಿಸಿ ಅಂತ. ಆಯಿಲ್ಲಿನ ಕೆಂಪು ದೀಪ ಹತ್ತಿದರೆ ಸುರಕ್ಷಿತ ಜಾಗ ನೋಡಿ ಪಕ್ಕಕ್ಕೆ ಹಾಕಿ ಇಂಜಿನ್ ಬಂದ್ ಮಾಡಿ, ಟೋ ಗಾಡಿ ಕರೆಸಿ. ಇಂಜಿನ್ನಿನೊಳಗೆ ಕಬ್ಬಿಣಕ್ಕೂ ಕಬ್ಬಿಣಕ್ಕೂ ನಡುವೆ ಇರೋದು ಎಣ್ಣೆಯ ತೆಳು ಪದರ. ಅದು ಹೋದ ಮೇಲೆ ಉಳಿಯೋದು ನಿಮಿಷಗಳ ಲೆಕ್ಕ.

ಆ ಪದರ ಇದೆಯೋ ಇಲ್ಲವೋ ನೋಡಲು ಡಿಪ್‌ಸ್ಟಿಕ್ ಅಂತ ಒಂದು ಕಡ್ಡಿ ಕೊಟ್ಟಿರ್ತಾರೆ. ಅದಕ್ಕೆ ಇಂಜಿನಿಯರಿಂಗ್ ಓದಬೇಕಾಗಿಲ್ಲ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, ಕೆಲವು ನಿಮಿಷ ಬಿಡಿ. ಕಡ್ಡಿ ತೆಗೆದು ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ತೆಗೆಯಿರಿ. ಎರಡು ಗುರುತಿನ ನಡುವೆ ಎಣ್ಣೆ ಇದ್ದರೆ ಸರಿ. ಕೆಳಗಿನ ಗುರುತಿಗಿಂತ ಕಡಿಮೆ ಇದ್ದರೆ ಅಪಾಯ. ಮೇಲಿನದಕ್ಕಿಂತ ಜಾಸ್ತಿ ಇದ್ದರೂ ಒಳ್ಳೆಯದಲ್ಲ, ಒಳಗೆ ತಿರುಗುವ ಭಾಗ ಅದನ್ನ ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಮಾಡುತ್ತೆ. ತಿಂಗಳಿಗೊಮ್ಮೆ, ಊರಿಗೆ ಹೊರಡುವ ಹಿಂದಿನ ದಿನ ಇನ್ನೊಮ್ಮೆ ನೋಡಿದರಾಯಿತು.

ಎಣ್ಣೆ ಕಪ್ಪಾಗಿದೆ ಅಂತ ಗಾಬರಿಪಡಿಸೋರ ಮಾತು ಕೇಳಬೇಡಿ. ಕೊಳೆ ತೊಳೆಯೋದೇ ಅದರ ಕೆಲಸ, ಡೀಸೆಲ್ ಕಾರಿನಲ್ಲಂತೂ ಹೊಸ ಎಣ್ಣೆಯೂ ಬೇಗ ಕಪ್ಪಾಗುತ್ತೆ. ಬದಲಿಸುವುದು ಕೈಪಿಡಿಯಲ್ಲಿ ಹೇಳಿದ ಕಿಲೋಮೀಟರಿಗೆ ಅಥವಾ ಹೇಳಿದ ತಿಂಗಳಿಗೆ, ಯಾವುದು ಮೊದಲೋ ಆಗ. ಬಹಳ ಕಾರುಗಳಿಗೆ ಅದು ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ. ನಮ್ಮಂಥ ಮುಂಬಯಿಯವರು ವಾರಕ್ಕೊಮ್ಮೆ ಮಾರ್ಕೆಟ್ಟಿಗೆ ಹೋಗಿಬಂದು "ಮೂರು ಸಾವಿರವೂ ಓಡಿಲ್ಲ, ಮುಂದಿನ ವರ್ಷ ನೋಡೋಣ" ಅಂತೀವಿ. ಸಣ್ಣ ಸಣ್ಣ ಓಟದಲ್ಲಿ ಇಂಜಿನ್ ಸರಿಯಾಗಿ ಬಿಸಿಯಾಗಲ್ಲ, ನೀರಿನಂಶ, ಸುಡದ ಪೆಟ್ರೋಲು ಎಣ್ಣೆಗೇ ಇಳಿಯುತ್ತೆ. ನಿಂತ ಕಾರಿಗೂ ವರ್ಷ ತುಂಬುತ್ತೆ ಸ್ವಾಮಿ.

ಡಬ್ಬಿಯ ಮೇಲಿನ 5ಡಬ್ಲ್ಯೂ-30, 0ಡಬ್ಲ್ಯೂ-20 ಅನ್ನೋದು ಮಂತ್ರವಲ್ಲ. ಡಬ್ಲ್ಯೂ ಅಂದರೆ ಚಳಿಗಾಲ. ಮೊದಲ ಅಂಕಿ ತಣ್ಣಗಿದ್ದಾಗ ಎಷ್ಟು ಸುಲಭವಾಗಿ ಹರಿಯುತ್ತೆ ಅಂತ, ಎರಡನೆಯದು ಬಿಸಿಯಾದಾಗ ಎಷ್ಟು ಮಂದ ಉಳಿಯುತ್ತೆ ಅಂತ. "ಮಂದ ಎಣ್ಣೆ ಹಾಕಿಸ್ರಿ, ಇಂಜಿನ್ ಗಟ್ಟಿ ಆಗ್ತದ" ಅನ್ನೋ ಗ್ಯಾರೇಜಿನವನ ಮಾತು ನಂಬಬೇಡಿ, ಪುಸ್ತಕದಲ್ಲಿ ಬರೆದ ಗ್ರೇಡೇ ಹಾಕಿಸಿ. ಬಿಎಸ್6 ಡೀಸೆಲ್ ಕಾರಾದರೆ ಇನ್ನೂ ಹುಷಾರು. ಅದರ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತೆ, ತಪ್ಪು ಎಣ್ಣೆಯ ಬೂದಿ ಅದನ್ನ ಕಟ್ಟುತ್ತೆ. ಬರೀ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಓಡಿಸಿದರೂ ಕಟ್ಟುತ್ತೆ, ಆಗಾಗ ಹೆದ್ದಾರಿಯಲ್ಲಿ ಓಡಿಸಿದರೆ ಮಸಿ ಸುಟ್ಟು ಹೋಗುತ್ತೆ. ತಿಂಗಳಿಗೆ ಮುನ್ನೂರು ಕಿಲೋಮೀಟರ್ ಓಡಿಸುವವರು ಮೈಲೇಜ್ ಆಸೆಗೆ ಡೀಸೆಲ್ ಕಾರು ಕೊಳ್ಳಲು ಸಾಲಕ್ಕೆ ಬಂದಾಗ ನನಗೆ ಬಾಯಿ ತುರಿಸುತ್ತೆ.

ಇನ್ನು ಸರ್ವಿಸ್ ಸೆಂಟರಿನಲ್ಲಿ ಇಂಜಿನ್ ಫ್ಲಶ್, ಎಣ್ಣೆಗೆ ಬೆರೆಸುವ ಬಾಟಲಿ, ಎಸಿಗೆ ಧೂಪ ಅಂತ ಪಟ್ಟಿ ಓದ್ತಾರಲ್ಲ, ಆಗ ಒಂದೇ ಪ್ರಶ್ನೆ ಕೇಳಿ: "ಇದು ಕೈಪಿಡಿಯ ಯಾವ ಪುಟದಲ್ಲಿದೆ?" ಎದುರಿನವರು ಸುಮ್ಮನಾದರೆ ನೀವೂ ಬೇಡ ಅನ್ನಿ. ಎರಡು ವರ್ಷದಲ್ಲಿ ಮಕ್ಕಳ ಸೀಟಿನ ದುಡ್ಡು ಅಲ್ಲೇ ಉಳಿಯುತ್ತೆ.

ಪೆಟ್ರೋಲಿನ ವಿಷಯಕ್ಕೆ ನಮ್ಮ ಕಟ್ಟೆ ಪಂಡಿತರು ಜಾಸ್ತಿ. ಬೆಳಿಗ್ಗೆ ತಂಪಿನಲ್ಲಿ ಹಾಕಿಸಿದರೆ ಜಾಸ್ತಿ ಬರುತ್ತೆ ಅಂತಾರೆ. ಟಾಕಿ ನೆಲದ ಕೆಳಗಿರುತ್ತೆ, ಅದಕ್ಕೆ ಬೆಳಿಗ್ಗೆ ಮಧ್ಯಾಹ್ನದ ವ್ಯತ್ಯಾಸ ಅಷ್ಟಾಗಿ ತಟ್ಟಲ್ಲ. ಐನೂರರ ಬದಲು ಐನೂರ ಹತ್ತಕ್ಕೆ ಹಾಕಿಸಿದರೆ ಮೋಸ ತಪ್ಪುತ್ತೆ ಅಂತಾರೆ. ಯಂತ್ರದಲ್ಲೇ ಮೋಸ ಇದ್ದರೆ ಐನೂರ ಹತ್ತಕ್ಕೂ ಇರುತ್ತೆ. ಅನುಮಾನ ಬಂದರೆ ಪಂಪಿನಲ್ಲಿ ಐದು ಲೀಟರಿನ ಅಳತೆ ಪಾತ್ರೆ ಇರುತ್ತೆ, ಅಳೆದು ತೋರಿಸಿ ಅಂತ ಕೇಳುವುದು ನಿಮ್ಮ ಹಕ್ಕು. ನಳಿಕೆ ತಾನಾಗಿ ಕಟ್ ಆದ ಮೇಲೂ "ರೌಂಡ್ ಫಿಗರ್ ಮಾಡು" ಅಂತ ಕುತ್ತಿಗೆ ತನಕ ತುಂಬಿಸಬೇಡಿ. ಪೆಟ್ರೋಲಿನ ಆವಿ ಹಿಡಿಯಲು ಇರುವ ಇದ್ದಿಲಿನ ಡಬ್ಬಿಗೆ ಪೆಟ್ರೋಲೇ ನುಗ್ಗಿ ಅದು ಕೆಡುತ್ತೆ. ಟಾಕಿ ಖಾಲಿಯಾಗುವ ತನಕ ಓಡಿಸುವುದೂ ಬೇಡ. ಪಂಪು ಟಾಕಿಯೊಳಗೇ ಇರುತ್ತೆ, ಅದನ್ನ ತಂಪಾಗಿಡೋದು ಪೆಟ್ರೋಲೇ. ಡೀಸೆಲ್ ಕಾರಿಗೆ ಹುಡುಗ ಪೆಟ್ರೋಲ್ ಹಾಕಿಬಿಟ್ಟರೆ ಇಂಜಿನ್ ಚಾಲೂ ಮಾಡಬೇಡಿ, ಬೀಗದಕೈ ಕೂಡ ತಿರುಗಿಸಬೇಡಿ. ತಳ್ಳಿ ಪಕ್ಕಕ್ಕಿಡಿ, ಟಾಕಿ ಖಾಲಿ ಮಾಡಿಸಿ. ಸಿಎನ್‌ಜಿ ಗಾಡಿಯಾದರೆ ತುಂಬಿಸುವಾಗ ಎಲ್ಲರೂ ಇಳಿಯಬೇಕು, ಅಜ್ಜಿಗೆ ಮೊಣಕಾಲು ನೋವಿದ್ದರೂ. ಸಿಲಿಂಡರಿನ ಪರೀಕ್ಷೆ ಮೂರು ವರ್ಷಕ್ಕೊಮ್ಮೆ, ಮರೆಯಬೇಡಿ.

ಎಥನಾಲ್ ಬಗ್ಗೆ ಈಗ ದೊಡ್ಡ ಗದ್ದಲ. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಶುರುವಾದ ಇ20, ಅಂದರೆ ಶೇಕಡ 20 ಎಥನಾಲ್ ಬೆರೆತ ಪೆಟ್ರೋಲ್, 2025ರ ಹೊತ್ತಿಗೆ ದೇಶದ ತುಂಬ ಬಂತು. ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಯ ಕಬ್ಬೂ ಅದರಲ್ಲಿ ಹರಿಯುತ್ತೆ ಅನ್ನಿ. ಎಥನಾಲಿನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ. ಇಪ್ಪತ್ತರಲ್ಲಿ ಮೂರನೇ ಒಂದು ಅಂದರೆ ಬರೀ ಪೆಟ್ರೋಲಿಗಿಂತ ಶೇಕಡ ಆರೇಳು ಕಡಿಮೆ. ಇ20ಗೆ ಹೊಂದಿಸಿದ ಇಂಜಿನ್ನು ಅದರಲ್ಲಿ ಸ್ವಲ್ಪ ವಾಪಸು ಗಳಿಸುತ್ತೆ. ಹಾಗಾಗಿ ಮೈಲೇಜು ಸ್ವಲ್ಪ ಇಳಿದರೆ ಕಾರು ಕೆಟ್ಟಿತು ಅಂತ ಬಾಟಲಿ ಔಷಧಿ ಹುಡುಕಬೇಡಿ. ಹಳೆ ಕಾರು ಕೊಂಡವರು ಮಾತ್ರ ಅದು ಇ20ಗೆ ಆಗುತ್ತೋ ಇಲ್ಲವೋ ಕೈಪಿಡಿಯಲ್ಲಿ ನೋಡಿ. ಆಗಲ್ಲ ಅಂತಿದ್ದರೆ ರಬ್ಬರ್ ಪೈಪುಗಳನ್ನ ಸರ್ವಿಸಿನಲ್ಲಿ ತೋರಿಸಿ.

ಮೈಲೇಜ್ ಆಸೆಗೆ ಮಾಡುವ ಮಹಾ ಅಪರಾಧ ಒಂದಿದೆ: ಘಾಟಿ ಇಳಿಯುವಾಗ ನ್ಯೂಟ್ರಲ್ ಹಾಕೋದು. ಕಾರ್ಬ್ಯುರೇಟರ್ ಕಾಲದ ಚಟ ಇದು. ಈಗಿನ ಇಂಜಿನ್ನು ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಧನವನ್ನೇ ನಿಲ್ಲಿಸುತ್ತೆ. ನ್ಯೂಟ್ರಲಿನಲ್ಲಿ ಚಾಲೂ ಉಳಿಯಲು ಕುಡಿಯುತ್ತಲೇ ಇರುತ್ತೆ. ಅಂದರೆ ಉಳಿತಾಯವೂ ಸುಳ್ಳು, ಮೇಲಿಂದ ಎಲ್ಲ ಭಾರ ಬ್ರೇಕಿನ ಮೇಲೆ. ಬ್ರೇಕ್ ಕಾದು ಹಿಡಿಯದೆ ಹೋದರೆ ಬೋರ್ ಘಾಟಿಯಲ್ಲಿ ದೇವರೇ ಗತಿ. ಇಂಜಿನ್ ಬಂದ್ ಮಾಡಿ ಇಳಿಸುವ ಮಹಾನುಭಾವರೂ ಇದ್ದಾರೆ. ಆಗ ಬ್ರೇಕಿಗೆ ಸಿಗುವ ಸಹಾಯ ಹೋಗಿ ಪೆಡಲ್ ಕಲ್ಲಾಗುತ್ತೆ, ಸ್ಟೀರಿಂಗೂ ಬಿಗಿಯಾಗುತ್ತೆ. ಯಾವ ಗೇರಿನಲ್ಲಿ ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕು ಅಂತ ಹಳೆ ಲಾರಿ ಡ್ರೈವರುಗಳು ಹೇಳ್ತಿದ್ದರು. ಇವತ್ತಿಗೂ ಅದು ಸರಿ.

ಟೈರಿನದು ಒಂದೇ ಮಾತು. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಸ್ಟಿಕ್ಕರ್ ಇರುತ್ತೆ, ಹೆಚ್ಚಿನ ಕಾರುಗಳಲ್ಲಿ. ಎಷ್ಟು ಹವಾ ಅಂತ ಅಲ್ಲಿದೆ, ತುಂಬಿದ ಗಾಡಿಗೆ ಬೇರೆ ಅಂಕಿ ಇರುತ್ತೆ. ದೀಪಾವಳಿಗೆ ನಾವು ಊರಿಗೆ ಹೋಗುವುದು ಹೇಗೆ? ಐದು ಜನ, ಡಿಕ್ಕಿ ತುಂಬ ಚೀಲ, ಬರುವಾಗ ಜೋಳದ ಹಿಟ್ಟು, ಶೇಂಗಾ, ಮೇಲೆ ಅವ್ವ ಕೊಟ್ಟ ಉಪ್ಪಿನಕಾಯಿ ಭರಣಿ. ಹವಾ ಮಾತ್ರ ಇಬ್ಬರು ಓಡಾಡುವಷ್ಟು. ಹವಾ ಕಡಿಮೆ ಇದ್ದ ಟೈರು ಭಾರಕ್ಕೂ ಬಿಸಿಲಿಗೂ ವೇಗಕ್ಕೂ ಕಾದು ಒಡೆಯುತ್ತೆ. ಹೊರಡುವ ಬೆಳಿಗ್ಗೆ, ಟೈರ್ ತಣ್ಣಗಿರುವಾಗ ನೋಡಿ, ಸ್ಟೆಪ್ನಿಗೂ ನೋಡಿ. ಬದಿಯಲ್ಲಿ ನಾಲ್ಕು ಅಂಕಿ ಒತ್ತಿರುತ್ತೆ, 2323 ಅಂದರೆ 2023ರ 23ನೇ ವಾರ ತಯಾರಾದದ್ದು. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಬಣ್ಣಕ್ಕಿಂತ ಮೊದಲು ಅದನ್ನ ಓದಿ.

ಮಳೆಯ ಮಾತಿಲ್ಲದೆ ಮುಂಬಯಿಯ ಕಾರಿನ ಮಾತು ಮುಗಿಯಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿಯಿತು. ಅವತ್ತು ಬಾಗಿಲು, ಕಿಟಕಿ ತೆರೆಯಲಾಗದೆ ಕಾರಿನೊಳಗೇ ಸಿಕ್ಕಿಕೊಂಡು ಸತ್ತವರಿದ್ದಾರೆ. ನೀರು ಏರುತ್ತಿದ್ದರೆ ಕಾರಿನ ಮೋಹ ಬಿಟ್ಟು ಬೇಗ ಇಳಿಯಿರಿ. ಕೈಗೆ ಸಿಗುವ ಜಾಗದಲ್ಲಿ ಒಂದು ಸಣ್ಣ ಸುತ್ತಿಗೆ ಇಟ್ಟುಕೊಳ್ಳಿ. ಇಂಜಿನ್ ನೀರಿನಲ್ಲಿ ಬಂದ್ ಬಿದ್ದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಒಳಗೆ ನೀರು ಹೊಕ್ಕಿದ್ದರೆ ಅದನ್ನ ಒತ್ತಲಾಗದೆ ಇಂಜಿನ್ನಿನ ರಾಡು ಬಾಗುತ್ತೆ. ಸಾಮಾನ್ಯ ಪಾಲಿಸಿಯಲ್ಲಿ ಅದಕ್ಕೆ ಹಣ ಸಿಗಲ್ಲ, ಇಂಜಿನ್ ರಕ್ಷಣೆ ಅಂತ ಬೇರೆ ಸೇರಿಸಿಕೊಂಡಿರಬೇಕು, ಅದರ ಷರತ್ತನ್ನೂ ಓದಬೇಕು. ನನ್ನ ಹಾಗೆ ಮಾಡಬೇಡಿ.

ಹಾಗಾದರೆ ಏನು ಮಾಡಬೇಕು? ನನ್ನದು ಮೂರೇ ಬೇಡಿಕೆ. ಬ್ಯಾಂಕುಗಳು ಸಾಲದ ಕಾಗದಗಳ ಜೊತೆ ಇನ್ನೊಂದು ಹಾಳೆ ಇಡಲಿ: ಎಲ್ಲ ಸೀಟಿನ ಬೆಲ್ಟ್ ಕಾಣುವಂತಿದೆ, ಮಗುವಿದ್ದರೆ ಮಕ್ಕಳ ಸೀಟು ಇದೆ, ಕೆಂಪು ದೀಪಗಳ ಅರ್ಥ ಗೊತ್ತಿದೆ ಅಂತ. ಇಪ್ಪತ್ತು ಕಡೆ ಸಹಿ ಹಾಕಿಸ್ತೀವಿ, ಇಪ್ಪತ್ತೊಂದನೆಯದು ಭಾರವಾಗಲ್ಲ. ಬೇಕಾದರೆ ಮಕ್ಕಳ ಸೀಟಿನ ಬೆಲೆಯನ್ನೂ ಸಾಲದಲ್ಲೇ ಸೇರಿಸಲಿ. ಶೋರೂಮಿನವರು ಥರ್ಮಾಕೋಲ್ ಬೀಗದಕೈ ಹಿಡಿಸುವ ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ಬಾನೆಟ್ ತೆರೆದು ತೋರಿಸಲಿ. ಮೂರನೆಯದು ನಮಗೆ, ಅಂದರೆ ಮಾಮ, ಕಾಕಾ, ಅತ್ತೆ, ಅಕ್ಕಂದಿರಿಗೆ. ಹೊಸ ಕಾರಿಗೆ ಘಮಘಮ ಬಾಟಲಿ ಉಡುಗೊರೆ ಕೊಡೋದು ಬಿಡೋಣ. ಹಿಂದೆ ಕೂತು ಮೊದಲು ನಾವು ಬೆಲ್ಟ್ ಹಾಕೋಣ. ಹಿರಿಯರು ಹಾಕಿದರೆ ಕಿರಿಯರು ಹಾಕ್ತಾರೆ. ಲಿಂಬೆಹಣ್ಣು ಇಡಿ, ನನ್ನ ತಕರಾರಿಲ್ಲ, ನಾನೂ ಇಟ್ಟವನೇ. ಅದು ದೇವರ ಕೆಲಸ ದೇವರಿಗೆ ಒಪ್ಪಿಸಿದ್ದು. ಬೆಲ್ಟ್ ಹಾಕೋದು ನಮ್ಮ ಕೆಲಸ, ಅದನ್ನೂ ಅವನ ಮೇಲೆ ಹೊರಿಸಬಾರದು.

ಅಂದ ಹಾಗೆ, ದಸರೆಯ ಮರುವಾರ ಅಳಿಯನ ಮನೆಗೆ ಹೋಗಿ ನಾನೇ ಹಿಂದಿನ ಸೀಟ್ ಕವರು ಬಿಚ್ಚಿ ಬಕಲ್ ಹೊರಗೆ ತೆಗೆದೆ. ಕೂಸಿಗೆ ಸೀಟು ನಾನೇ ಕೊಡಿಸಿದೆ. ಅಳಿಯ ನಕ್ಕ, ಏನೂ ಅನ್ನಲಿಲ್ಲ. ದೀಪಾವಳಿಗೆ ಊರಿಗೆ ಹೊರಟವರು ನಿಪ್ಪಾಣಿ ದಾಟಿ ಚಹಾಕ್ಕೆ ನಿಂತಾಗ ಫೋನ್ ಮಾಡಿದ್ದ.

"ಮಾಮಾ, ಕೂಸು ತನ್ನ ಸೀಟಿನ್ಯಾಗ ಆರಾಮ ಮಲಗೇತಿ. ಅವ್ವನೂ ಬೆಲ್ಟ್ ಹಾಕ್ಕೊಂಡಾಳ್ರಿ. ಆದ್ರ ಪುಣೆಯಿಂದ ಇಲ್ಲೀತನ ನಿಮಗ ಬೈಕೋತ ಬಂದಾಳ, ಸೀರಿ ಸುಕ್ಕಾತು ಅಂತ."

ಬೈಯಲಿ ಬಿಡಿ. ಊರು ಮುಟ್ಟಿ ಇಸ್ತ್ರಿ ಮಾಡಿಸಿಕೊಂಡರಾಯಿತು. ನಿಮ್ಮ ಕಾರಿನ ಹಿಂದಿನ ಬಕಲ್ ಎಲ್ಲಿದೆ, ಸ್ವಲ್ಪ ನೋಡಿ ಬರ್ತೀರಾ?